ಮೊದಲು ಮೈಕಿನ ತೂತು, ಆಮೇಲೆ ಕ್ಯಾಮೆರಾ: ಬೆಟಗೇರಿ ನೇಕಾರರ ಮಾತಿಗೆ ಕಟ್ಟಿಕೊಂಡ ಸೆಟ್ಟು

ಗದಗದ ಜೋಡಿ ಊರು ಬೆಟಗೇರಿಯಲ್ಲಿ ಕುಣಿಮಗ್ಗದಲ್ಲಿ ಕೂತು ಸೀರೆ ನೇಯುವ ಹಿರಿಯರ ಮಾತುಗಳನ್ನು ವಿಡಿಯೋ ಮಾಡಿಡಬೇಕು ಅಂತ ನಾವು ಕೆಲವು ಗೆಳೆಯರು ಬಹಳ ದಿನದಿಂದ ಹೇಳಿಕೊಳ್ಳುತ್ತಿದ್ದೆವು. ದುಡ್ಡು ನಮ್ಮ ಕಿಸೆಯದೇ. ಎಲ್ಲರೂ ಹಾಕಿದ್ದು ಸೇರಿ 22 ಸಾವಿರ ರೂಪಾಯಿ ಆಯಿತು. ಕ್ಯಾಮೆರಾ, ಮೈಕು, ಸ್ಟ್ಯಾಂಡು, ಕಾರ್ಡು, ಬ್ಯಾಟರಿ ಎಲ್ಲವೂ ಇದರಲ್ಲೇ ಮುಗಿಯಬೇಕು. ಹೊಸ ಮಿರರ್‌ಲೆಸ್ ಕ್ಯಾಮೆರಾದ (ಒಳಗೆ ಕನ್ನಡಿ ಇಲ್ಲದ ಈಗಿನ ಥರದ್ದು) ಬರೀ ಬಾಡಿಗೇ, ಅಂದರೆ ಲೆನ್ಸ್ ಬಿಟ್ಟು ಉಳಿದ ಭಾಗಕ್ಕೇ, ಇದು ಸಾಲುವುದಿಲ್ಲ. ಹಾಗಾಗಿ ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದನ್ನು ಬಿಡಬೇಕು ಅಂತ ಮೊದಲೇ ಕೂತು ತೀರ್ಮಾನ ಮಾಡಬೇಕಾಯಿತು.

ನನ್ನ ಪ್ರಕಾರ ಇಲ್ಲಿ ಚಿತ್ರ ಎರಡನೇ ಮಾತು. ಮುಖ ಸ್ವಲ್ಪ ಮಂಕಾಗಿ ಕಂಡರೂ ಜನ ನೋಡುತ್ತಾರೆ. ಹೇಳಿದ್ದು ಕಿವಿಗೆ ಬೀಳದಿದ್ದರೆ ಅರ್ಧ ನಿಮಿಷದಲ್ಲಿ ಮುಂದಿನ ವಿಡಿಯೋಕ್ಕೆ ಹೋಗುತ್ತಾರೆ. ಅದರಲ್ಲೂ ನಮ್ಮದು ಮಗ್ಗದ ಮನೆ. ಪಕ್ಕದ ಗೋಡೆಯಾಚೆ ಇನ್ನೊಂದು ಮಗ್ಗ, ಹಿಂದಿನ ಓಣಿಯಲ್ಲಿ ಕರೆಂಟಿನ ಮಗ್ಗ. ಎರಡು ಮೀಟರ್ ದೂರ ಇಟ್ಟ ಕ್ಯಾಮೆರಾದ ಒಳಗಿನ ಮೈಕಿಗೆ ಅಜ್ಜನ ಮಾತೂ ಮಗ್ಗದ ಸದ್ದೂ ಒಂದೇ ಎತ್ತರದಲ್ಲಿ ಹೋಗುತ್ತವೆ. ದೂರ ದುಪ್ಪಟ್ಟಾದರೆ ಮಾತಿನ ಮಟ್ಟ 6 ಡೆಸಿಬೆಲ್ (ಸದ್ದಿನ ಅಳತೆ) ಇಳಿಯುತ್ತದೆ. ಅದೇ ಮೈಕನ್ನು ಬಾಯಿಂದ 20 ಸೆಂಟಿಮೀಟರಿಗೆ ತಂದರೆ, ಅಂದರೆ ಹತ್ತು ಪಟ್ಟು ಹತ್ತಿರ ತಂದರೆ, 20 ಡೆಸಿಬೆಲ್ ಲಾಭ. ಎಷ್ಟು ದುಬಾರಿ ಲೆನ್ಸ್ ಹಾಕಿದರೂ ಈ ಲಾಭ ಸಿಗುವುದಿಲ್ಲ. ಆದ್ದರಿಂದ ಕ್ಯಾಮೆರಾಕ್ಕೆ ನಾನು ಹಾಕಿದ ಮೊದಲ ಷರತ್ತು: ಮೈಕ್ ಚುಚ್ಚಲು ಒಂದು 3.5 ಎಂಎಂ ತೂತು ಇರಬೇಕು.

ಹುಬ್ಬಳ್ಳಿಯಲ್ಲಿ ಹುಡುಕಾಟ

ಕೊಪ್ಪೀಕರ್ ರೋಡಿನ ಕಡೆ ಒಂದು ಅಂಗಡಿಯಲ್ಲಿ ಮೊದಲು ನನ್ನ ಮುಂದೆ ಇಟ್ಟಿದ್ದು ಹ್ಯಾಂಡಿಕ್ಯಾಮ್.

"ಝೂಮ್ ನೋಡ್ರಿ ಸರ, 30 ಪಟ್ಟು ಐತಿ."

"ಛಲೋ ಐತ್ರಿ. ಮೈಕ್ ಎಲ್ಲಿ ಚುಚ್ಚೂದು?"

"ಒಳಗ ಮೈಕ್ ಐತಲ್ರಿ, ಮತ್ತ ಹೊರಗ್ಯಾಕ?"

ಅವರ ತಪ್ಪೇನಿಲ್ಲ. ಮನೆ ಮದುವೆ, ಮುಂಜಿವೆಗೆ ಕೊಳ್ಳುವವರು ಈ ಪ್ರಶ್ನೆ ಕೇಳುವುದೇ ಇಲ್ಲ. ಸೋನಿಯ ಸಿಎಕ್ಸ್405, ಪ್ಯಾನಸಾನಿಕ್‌ನ ವಿ180, ಇವೆರಡರಲ್ಲೂ ಹೊರಗಿನ ಮೈಕಿಗೆ ಜಾಗ ಇಲ್ಲ. ಕೆನಾನ್‌ನ ಲೆಗ್ರಿಯಾ ಎಚ್ಎಫ್ ಆರ್ ಸಾಲಿನ ಸಣ್ಣ ಕ್ಯಾಮ್‌ಕಾರ್ಡರ್‌ಗಳಲ್ಲಿ ಮೈಕಿನ ತೂತು ಇದೆ, ಹೆಡ್‌ಫೋನಿಗೂ ದಾರಿ ಇದೆ. ಸಿಕ್ಕರೆ ಅದೇ ಸಾಕು ಅಂದುಕೊಂಡಿದ್ದೆ. ಆದರೆ ನಾನು ಕೇಳಿದ ಯಾವ ಅಂಗಡಿಯಲ್ಲೂ ಕೈಗೆ ಸಿಗಲಿಲ್ಲ.

ಹಾಗಾಗಿ ಹಳೇ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ) ಕಡೆ ತಿರುಗಿದೆ. ಹುಬ್ಬಳ್ಳಿ-ಧಾರವಾಡದಲ್ಲಿ ಮದುವೆ ಫೋಟೋ ತೆಗೆಯುವವರು ಬಹಳ ಜನ ಮಿರರ್‌ಲೆಸ್‌ಗೆ ಹೋಗಿದ್ದಾರೆ. ಅವರ ಹಳೇ ಬಾಡಿಗಳು ಕಪಾಟಿನಲ್ಲಿ ಸುಮ್ನೆ ಕೂತಿವೆ. ಇಲ್ಲಿ ಒಂದು ವಿಷಯ ಗಮನದಲ್ಲಿರಬೇಕು. ಹೊಸ ಮಾಡೆಲ್ ಅಂದ ಮಾತ್ರಕ್ಕೆ ಮೈಕಿನ ತೂತು ಇರುತ್ತದೆ ಅಂತಲ್ಲ. ನಿಕಾನ್ ಡಿ3300ರಲ್ಲಿ ಅದು ಇತ್ತು, ಡಿ3400 ಬರುವಾಗ ತೆಗೆದುಬಿಟ್ಟರು, ಡಿ3500ರಲ್ಲೂ ಇಲ್ಲ. ಕೆನಾನ್ 1300ಡಿ, 1500ಡಿ, 3000ಡಿ ಯಾವುದರಲ್ಲೂ ಇಲ್ಲ. ಇವೇ ನಮ್ಮ ಕಡೆ ಜಾಸ್ತಿ ಮಾರಾಟವಾದ ಕ್ಯಾಮೆರಾಗಳು, ಬೆಲೆಯೂ ಕಡಿಮೆ, ಆಸೆ ಹುಟ್ಟಿಸುತ್ತವೆ. ಇವುಗಳಿಗಿಂತ ಹಳೆಯವಾದ ಕೆನಾನ್ 550ಡಿ, 600ಡಿ, 700ಡಿಗಳಲ್ಲಿ ತೂತು ಇದೆ.

ಈ ಮೂರರಲ್ಲಿ ಯಾವುದು ಅನ್ನುವುದಕ್ಕೂ ಸದ್ದೇ ಅಳತೆಗೋಲಾಯಿತು. 550ಡಿಯಲ್ಲಿ ತೂತು ಇದೆ, ಆದರೆ ಸದ್ದಿನ ಮಟ್ಟವನ್ನು ನಾವು ಕೈಯಿಂದ ಹಿಡಿದಿಡಲು ಆಗುವುದಿಲ್ಲ, ಕ್ಯಾಮೆರಾ ತಾನೇ ಏರಿಸಿ ಇಳಿಸುತ್ತದೆ. ಮಗ್ಗದ ಮನೆಯಲ್ಲಿ ಇದು ನಡೆಯದ ಮಾತು. ಯಾಕೆ ಅಂತ ಮುಂದೆ ಹೇಳುತ್ತೇನೆ. 600ಡಿಯಲ್ಲಿ ಕೈಯಿಂದ ಹೊಂದಿಸಬಹುದು, ಪರದೆಯೂ ಹೊರಗೆ ತಿರುಗುತ್ತದೆ. ಆದರೆ ಫೈಲು 4 ಜಿಬಿ ಮುಟ್ಟಿದ ಕೂಡಲೇ ರೆಕಾರ್ಡಿಂಗ್ ನಿಂತುಹೋಗುತ್ತದೆ, ಅಂದರೆ ಫುಲ್ ಎಚ್‌ಡಿಯಲ್ಲಿ ಸುಮಾರು 12 ನಿಮಿಷ. ಅಜ್ಜ ತನ್ನ ಮೊದಲ ಸೀರೆಯ ಕಥೆ ಹೇಳುತ್ತಿರುವಾಗ ನಡುವೆ ನಿಂತರೆ? 700ಡಿ 4 ಜಿಬಿ ಆದ ಮೇಲೆ ತಾನೇ ಇನ್ನೊಂದು ಫೈಲು ತೆಗೆದು ಮುಂದುವರಿಸುತ್ತದೆ, 29 ನಿಮಿಷ 59 ಸೆಕೆಂಡಿನವರೆಗೆ. ಆ ವಿಚಿತ್ರ ಲೆಕ್ಕ ಯುರೋಪಿನ ಸುಂಕದಿಂದ ಬಂದದ್ದು. 30 ನಿಮಿಷ ರೆಕಾರ್ಡ್ ಮಾಡುವುದನ್ನು ಅವರು ವಿಡಿಯೋ ಕ್ಯಾಮೆರಾ ಅಂತ ಲೆಕ್ಕ ಹಿಡಿದು ಜಾಸ್ತಿ ಸುಂಕ ಹಾಕುತ್ತಿದ್ದರು. ಅದರ ಫಲ ಬೆಟಗೇರಿಯವರೆಗೆ ಬಂದು ಮುಟ್ಟಿದೆ, ನೋಡಿ.

2017ರ 200ಡಿ ಇನ್ನೂ ಒಳ್ಳೆಯದು, ಫೋಕಸ್ ಚುರುಕು. ಆದರೆ ಬೆಲೆ ನಮ್ಮ ಲೆಕ್ಕ ದಾಟುತ್ತಿತ್ತು. ಕಡೆಗೆ 18-55 ಲೆನ್ಸಿನ ಜೊತೆ ಒಂದು 700ಡಿ, ಎರಡು ಬ್ಯಾಟರಿ ಸೇರಿ 17,500ಕ್ಕೆ ಮುಗಿಯಿತು.

ಮೊಬೈಲಿನಲ್ಲೇ ಮಾಡಬಹುದಿತ್ತಲ್ಲ ಅಂತ ಕೇಳುವವರಿಗೆ: ಹೌದು, ಮಾಡಬಹುದು. ಮೈಕಿನ ತೂತಿಲ್ಲದ ಕ್ಯಾಮೆರಾಗಿಂತ, ಸಾವಿರ ರೂಪಾಯಿಯ ಕಾಲರ್ ಮೈಕ್ ಹಾಕಿದ ಮೊಬೈಲೇ ವಾಸಿ. ನಾನು ಯಾರಿಗಾದರೂ ಹಾಗೇ ಹೇಳುತ್ತೇನೆ. ಆದರೆ ಹೆಡ್‌ಫೋನ್ ತೂತಿರುವ ಮೊಬೈಲಿನಲ್ಲಿ ಮೈಕಿಗೆ ಇರುವುದು ಒಂದೇ ದಾರಿ. ಪಿನ್ನಿನ ನಾಲ್ಕು ಭಾಗಗಳಲ್ಲಿ ಎರಡು ಕಿವಿಗೆ, ಒಂದು ಗ್ರೌಂಡ್, ಉಳಿದ ಒಂದು ಮಾತ್ರ ಮೈಕು. ಕ್ಯಾಮೆರಾದ ಮೈಕಿನ ತೂತಿನಲ್ಲಿ ಎಡ, ಬಲ ಅಂತ ಎರಡು ದಾರಿ. ಕೇಳುವವನ ಮಾತು ಒಂದರಲ್ಲಿ, ಹೇಳುವವರ ಮಾತು ಇನ್ನೊಂದರಲ್ಲಿ. ನನಗೆ ಬೇಕಾಗಿದ್ದು ಅದೇ. ವೈರ್‌ಲೆಸ್ ಜೋಡಿ ಮೈಕುಗಳು ಈಗ ಅಗ್ಗಕ್ಕೆ ಬಂದಿವೆ ನಿಜ. ಗೆಳೆಯನೊಬ್ಬನ ಹತ್ತಿರ ಇದ್ದದ್ದನ್ನು ಮಗ್ಗದ ಹತ್ತಿರ ಹಚ್ಚಿ ನೋಡಿದೆವು. ಅದರ ಸದ್ದು ತೆಗೆಯುವ ಜಾಣತನ ಮಗ್ಗದ ಏಟಿನ ಜೊತೆ ಅಜ್ಜನ ಮಾತಿನ ಕೊನೆಯ ಅಕ್ಷರಗಳನ್ನೂ ನುಂಗಿತು.

ಕೊಳ್ಳುವ ಮೊದಲು ನೋಡಿದ್ದು

ಹಳೇ ಕ್ಯಾಮೆರಾ ಕೊಳ್ಳುವವರು ಷಟರ್ ಎಷ್ಟು ಸಲ ಬಿದ್ದಿದೆ ಅಂತ ಕೇಳುತ್ತಾರೆ. ವಿಡಿಯೋಕ್ಕೆ ಅದು ಅಷ್ಟೇನೂ ಮುಖ್ಯವಲ್ಲ. ನಾನು ಒಂದು ಕಾಲರ್ ಮೈಕನ್ನು ಕಿಸೆಯಲ್ಲೇ ಒಯ್ದಿದ್ದೆ. ತೂತಿಗೆ ಚುಚ್ಚಿ, ರೆಕಾರ್ಡಿಂಗ್ ಹಾಕಿ, ಒಂದರಿಂದ ಹತ್ತರವರೆಗೆ ಎಣಿಸುತ್ತಾ ಪಿನ್ನನ್ನು ಮೆಲ್ಲಗೆ ಸುತ್ತ ತಿರುಗಿಸಿದೆ. ಆಮೇಲೆ ಕೇಳಿ ನೋಡಿದರೆ ನಾಲ್ಕು, ಐದರ ಹತ್ತಿರ ಬಲಗಡೆ ಕರಕರ ಅನ್ನುತ್ತಿತ್ತು.

ಇಂಥ ಕರಕರಕ್ಕೆ ಎರಡು ಕಾರಣ ಇರಬಹುದು. ತೂತಿನ ಒಳಗಿನ ಸಣ್ಣ ಸ್ಪ್ರಿಂಗ್ ಪಟ್ಟಿ ಸಡಿಲ ಆಗಿರುವುದು, ಇಲ್ಲಾ ಬರೀ ಕೊಳೆ. ಸಡಿಲ ಆಗಿದ್ದರೆ ಪಿನ್ನು ಚುಚ್ಚುವಾಗ 'ಟಕ್' ಅಂತ ಕೂರುವುದಿಲ್ಲ, ಎಳೆದರೆ ತಡೆಯಿಲ್ಲದೆ ಬರುತ್ತದೆ. ಇದು ಗಟ್ಟಿಯಾಗಿ ಕೂರುತ್ತಿತ್ತು. ಪಕ್ಕದ ರಬ್ಬರ್ ಮುಚ್ಚಳ ಮಾತ್ರ ಕಿತ್ತುಹೋಗಿತ್ತು. ಮುಚ್ಚಳ ಇಲ್ಲದ ತೂತಿಗೆ ಮದುವೆ ಮಂಟಪದ ಧೂಳು ಹೊಕ್ಕಿರುತ್ತದೆ ಅಂತ ಅಂದಾಜು ಮಾಡಿ, ಅದನ್ನೇ ತೋರಿಸಿ ಒಂದು ಸಾವಿರ ಇಳಿಸಿಕೊಂಡು ತಂದೆ.

ಮನೆಗೆ ಬಂದು ಮೊದಲು ಬ್ಯಾಟರಿ ತೆಗೆದಿಟ್ಟೆ. ಟೂತ್‌ಪಿಕ್ಕಿನ ತುದಿಗೆ ಹತ್ತಿಯ ಎಳೆಯನ್ನು ಬಿಗಿಯಾಗಿ ಸುತ್ತಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ಹಿಂಡಿದೆ. ತೊಟ್ಟಿಕ್ಕುವ ಹಾಗೆ ಇರಬಾರದು, ಒದ್ದೆ ಅನ್ನಿಸಿದರೆ ಸಾಕು. ತೂತಿನೊಳಗೆ ಹಾಕಿ ಒಂದೇ ದಿಕ್ಕಿಗೆ ತಿರುಗಿಸಿ ತೆಗೆದರೆ ಹತ್ತಿ ಬೂದು ಬಣ್ಣಕ್ಕೆ ತಿರುಗಿತ್ತು. ಹತ್ತಿ ಬೆಳ್ಳಗೆ ಬರುವವರೆಗೆ ಹೊಸ ಹೊಸ ಕಡ್ಡಿಯಲ್ಲಿ ಇದನ್ನೇ ಮಾಡಿದೆ. ಕಡೆಗೆ ಒಂದು ಹಳೇ ಪಿನ್ನನ್ನು ಅದೇ ಆಲ್ಕೊಹಾಲಿನಲ್ಲಿ ಒರೆಸಿ, ಹಲವು ಸಲ ಚುಚ್ಚಿ ತೆಗೆದೆ. ಪಟ್ಟಿಯ ಮೇಲಿನ ಕಿಲುಬು ಉಜ್ಜಿ ಹೋಗುವುದು ಇದರಿಂದಲೇ. ಒಂದು ರಾತ್ರಿ ಒಣಗಲು ಬಿಟ್ಟು ಮರುದಿನ ಎಣಿಸಿದಾಗ ಹತ್ತೂ ಅಂಕಿ ಎರಡೂ ಕಡೆ ಸ್ವಚ್ಛ. ಸೇಫ್ಟಿ ಪಿನ್ನು, ಸೂಜಿ ಹಾಕಿ ಕೆರೆಯಬೇಡಿ. ಆ ಪಟ್ಟಿ ಬಾಗಿದರೆ ಕ್ಯಾಮೆರಾ ಬಿಚ್ಚಿ ತೂತನ್ನೇ ಬದಲಿಸಬೇಕಾಗುತ್ತದೆ.

ಮೈಕು ಕಟ್ಟಿದ್ದು

ಅಂಗಡಿಯ ಎರಡು ಕಾಲರ್ ಮೈಕು ತಂದು, ಒಂದು ವೈ ಕೇಬಲ್ (ಎರಡು ಪಿನ್ನನ್ನು ಒಂದೇ ತೂತಿಗೆ ಸೇರಿಸುವ ಕವಲು ತಂತಿ) ಹಾಕಿದರೆ ಆಯಿತಲ್ಲ ಅನ್ನಿಸಬಹುದು. ಆಗುವುದಿಲ್ಲ. ಕ್ಯಾಮೆರಾಕ್ಕೆ ಅಂತ ಮಾರುವ ಸಾಮಾನ್ಯ ಕಾಲರ್ ಮೈಕಿನಲ್ಲಿ ಎಡ-ಬಲ ಎರಡಕ್ಕೂ ಒಂದೇ ಸದ್ದು ಹೋಗಲಿ ಅಂತ ಪಿನ್ನಿನ ತುದಿಯನ್ನೂ ನಡುವಿನ ಉಂಗುರವನ್ನೂ ಕೂಡಿಸಿರುತ್ತಾರೆ. ಹೆಡ್‌ಫೋನಿನ ವೈ ಕೇಬಲ್ಲಿನಲ್ಲಿ ಇಂಥ ಎರಡನ್ನು ಚುಚ್ಚಿದರೆ ನಾಲ್ಕು ತಂತಿಯೂ ಒಂದಾಗಿ, ಇಬ್ಬರ ಮಾತೂ ಎರಡೂ ಕಡೆ ಕಲಸಿಹೋಗುತ್ತದೆ. ಬೇರೆ ಬೇರೆ ಮಾಡುವ ಉದ್ದೇಶವೇ ಕೆಟ್ಟಿತು. ಅದಕ್ಕೇ ನಾನೇ ಕಟ್ಟಿದೆ.

ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಯಲ್ಲಿ 'ಕಂಡೆನ್ಸರ್ ಮೈಕ್' ಅಂದರೆ ಸಾಕು, ಅಂಗಿಯ ಗುಂಡಿಯಷ್ಟು ದೊಡ್ಡ ಒಂದು ಲೋಹದ ಡಬ್ಬಿ ಕೊಡುತ್ತಾರೆ. ಒಂದಕ್ಕೆ 15 ರೂಪಾಯಿ. ಒಳಗೆ ಸದ್ದಿಗೆ ಅದುರುವ ಎಲೆಕ್ಟ್ರೆಟ್ ಪೊರೆ, ಅದರ ಹಿಂದೆ ಒಂದು ಪುಟ್ಟ ಟ್ರಾನ್ಸಿಸ್ಟರು. ಆ ಟ್ರಾನ್ಸಿಸ್ಟರಿಗೆ ಒಂದಿಷ್ಟು ವೋಲ್ಟೇಜು ಬೇಕು. ಅದನ್ನು ಕ್ಯಾಮೆರಾ ತನ್ನ ಮೈಕಿನ ತೂತಿನಿಂದಲೇ ಕೊಡುತ್ತದೆ. ಇದಕ್ಕೆ ಪ್ಲಗ್-ಇನ್ ಪವರ್ ಅನ್ನುತ್ತಾರೆ. ನಂಬದೆ ಅಳೆದೂ ನೋಡಿದೆ. ಖಾಲಿ ಪಿನ್ನು ಚುಚ್ಚಿ, ಕ್ಯಾಮೆರಾ ವಿಡಿಯೋದಲ್ಲಿಟ್ಟು, ಬುಡಕ್ಕೆ ಮಲ್ಟಿಮೀಟರಿನ ಕಪ್ಪು ಕಡ್ಡಿ, ತುದಿಗೆ ಕೆಂಪು ಕಡ್ಡಿ. ಎರಡರಿಂದ ಮೂರು ವೋಲ್ಟಿನ ನಡುವೆ ತೋರಿಸಿತು. ನಡುವಿನ ಉಂಗುರದಲ್ಲೂ ಅಷ್ಟೇ. ಅಂದರೆ ಎಡಕ್ಕೆ ಬೇರೆ, ಬಲಕ್ಕೆ ಬೇರೆ ಪವರ್ ಬರುತ್ತಿದೆ, ಬೇರೆ ಬ್ಯಾಟರಿ ಬೇಡ. ದೊಡ್ಡ ಸ್ಟುಡಿಯೋ ಮೈಕುಗಳಿಗೆ ಬೇಕಾದ 48 ವೋಲ್ಟಿನ ಫ್ಯಾಂಟಮ್ ಪವರ್ ಇದಲ್ಲ. ಆ ಮೈಕನ್ನು ಬರೀ ಕನ್ವರ್ಟರ್ ಪಿನ್ನು ಹಾಕಿ ಇಲ್ಲಿಗೆ ಚುಚ್ಚಿದರೆ ಮಾತಾಡುವುದಿಲ್ಲ.

ಡಬ್ಬಿಯ ಹಿಂದೆ ಎರಡು ಬೆಸುಗೆ ಚುಕ್ಕೆ ಇರುತ್ತವೆ. ಎರಡೂ ಒಂದೇ ಥರ ಕಾಣುತ್ತವೆ. ಕನ್ನಡಕ ಹಾಕಿ ನೋಡಿದರೆ ಒಂದು ಚುಕ್ಕೆಯಿಂದ ಸಣ್ಣ ಗೆರೆಗಳು ಹೊರಟು ಡಬ್ಬಿಯ ಅಂಚಿಗೆ ಸೇರಿರುತ್ತವೆ. ಅದು ಗ್ರೌಂಡ್. ಮಲ್ಟಿಮೀಟರಿನ ಬೀಪಿನಲ್ಲೂ ಖಾತ್ರಿ ಮಾಡಿಕೊಂಡೆ. ಕೇಬಲ್ಲಿನ ಹೊರಗಿನ ಜಾಲಿ ಈ ಚುಕ್ಕೆಗೆ, ಒಳಗಿನ ತಂತಿ ಇನ್ನೊಂದಕ್ಕೆ. ಅದಲುಬದಲಾದರೆ ಟ್ರಾನ್ಸಿಸ್ಟರಿಗೆ ವೋಲ್ಟೇಜು ಉಲ್ಟಾ ಹೋಗುತ್ತದೆ, ಡಬ್ಬಿಯ ಮೈಯೇ ಆಂಟೆನಾ ಆಗಿ ಗುಂಯ್‌ಗುಡುತ್ತದೆ.

ಬೆಸುಗೆಯಲ್ಲಿ ಜಾಗ್ರತೆ ಬೇಕಾದ್ದು ಇಲ್ಲಿಯೇ. ಒಳಗಿನ ಪೊರೆ ಬಿಸಿ ತಡೆಯುವುದಿಲ್ಲ. ಐರನ್ ಜಾಸ್ತಿ ಹೊತ್ತು ಇಟ್ಟರೆ ಮೈಕು ಕಿವುಡಾಗುತ್ತದೆ. ನಾನು 25 ವಾಟಿನ ಐರನ್ ಬಳಸಿದೆ. ತಂತಿಯ ತುದಿಗೆ ಮೊದಲೇ ಸೀಸ ಹತ್ತಿಸಿಟ್ಟುಕೊಂಡು, ಚುಕ್ಕೆಗೆ ತಾಗಿಸಿ, ಐರನ್ ಮುಟ್ಟಿಸಿ ತಕ್ಷಣ ತೆಗೆಯುವುದು. ಸೀಸ ಹೊಳೆದು ಕೂತರೆ ಸರಿ. ಮಂಕಾಗಿ ಗಂಟುಕಟ್ಟಿದರೆ ಡಬ್ಬಿ ತಣ್ಣಗಾಗಲು ಬಿಟ್ಟು ಆಮೇಲೆ ಮತ್ತೊಮ್ಮೆ. ಡಬ್ಬಿಯನ್ನು ಕೈಯಲ್ಲಿ ಹಿಡಿಯಲು ಆಗುವುದಿಲ್ಲ. ಬಟ್ಟೆ ಒಣಹಾಕುವ ಮರದ ಕ್ಲಿಪ್ಪಿನಲ್ಲಿ ಸಿಕ್ಕಿಸಿ, ಆ ಕ್ಲಿಪ್ಪನ್ನು ಮೇಜಿಗೆ ಟೇಪು ಹಚ್ಚಿ ಕೂಡಿಸಿದೆ.

ಎರಡು ಚುಕ್ಕೆಗಳ ನಡುವೆ 33 ಪಿಕೊಫ್ಯಾರಡ್‌ನ ಸಣ್ಣ ಸೆರಾಮಿಕ್ ಕೆಪಾಸಿಟರನ್ನೂ ಕೂಡಿಸಿದೆ. ಬೆನ್ನ ಮೇಲೆ ಬರೀ '33' ಅಂತ ಬರೆದಿರುತ್ತದೆ. ಹತ್ತಿರದಲ್ಲಿ ಮೊಬೈಲ್ ಇದ್ದರೆ ಕರೆ ಬರುವ ಮುಂಚೆ ಸ್ಪೀಕರಿನಲ್ಲಿ ಡಿಗ್-ಡಿಗ್-ಡಿಗ್ ಅನ್ನುತ್ತದಲ್ಲ, ಆ ರೇಡಿಯೋ ಅಲೆಯನ್ನು ಅಲ್ಲೇ ಗ್ರೌಂಡಿಗೆ ಇಳಿಸಿಬಿಡುತ್ತದೆ. ಮಾತಿನ ಸದ್ದಿಗೆ ಇದರಿಂದ ಏನೂ ಆಗುವುದಿಲ್ಲ. ಮಾತಾಡುವ ಅಜ್ಜನ ಕಿಸೆಯಲ್ಲಿ ಮೊಬೈಲ್ ಇದ್ದೇ ಇರುತ್ತದೆ, ಆಫ್ ಮಾಡಿ ಅಂದರೆ ಬೇಸರ ಪಟ್ಟುಕೊಳ್ಳುತ್ತಾರೆ. ಎರಡು ರೂಪಾಯಿಯ ಕೆಪಾಸಿಟರು ಆ ಬೇಸರ ತಪ್ಪಿಸಿತು.

ಒಂದೊಂದು ಮೈಕಿಗೆ ಮೂರು ಮೀಟರ್ ಜಾಲಿ ಕೇಬಲ್. ಇನ್ನೊಂದು ತುದಿಯಲ್ಲಿ ಎರಡೂ ಸೇರಿ ಒಂದೇ ಸ್ಟೀರಿಯೋ ಪಿನ್ನಿಗೆ: ಕೇಳುವವನ ತಂತಿ ಪಿನ್ನಿನ ತುದಿಗೆ, ಹೇಳುವವರ ತಂತಿ ನಡುವಿನ ಉಂಗುರಕ್ಕೆ, ಎರಡೂ ಜಾಲಿ ಬುಡಕ್ಕೆ. ತುದಿ ಅಂದರೆ ಎಡ, ಉಂಗುರ ಅಂದರೆ ಬಲ. ಪಿನ್ನಿನ ಡಬ್ಬಿಯೊಳಗೆ ಎರಡು ಕೇಬಲ್ ಹಿಡಿಸುವುದು ಕಷ್ಟ. ಸ್ವಲ್ಪ ದಪ್ಪ ಡಬ್ಬಿಯ ಪಿನ್ನೇ ಕೇಳಿ ತನ್ನಿ.

ಮೈಕಿನ ಡಬ್ಬಿಗೆ ಹೀಟ್ ಶ್ರಿಂಕ್ ಸ್ಲೀವ್ (ಬಿಸಿಗೆ ಕುಗ್ಗುವ ಪ್ಲಾಸ್ಟಿಕ್ ಕೊಳವೆ) ಎಳೆದು ಲೈಟರಿನಲ್ಲಿ ಬಿಗಿ ಮಾಡಿದೆ. ಇದನ್ನು ಮಾಡುವಾಗಲೂ ಉರಿ ದೂರ ಇರಲಿ. ಬಾಯಿಗೆ ಎದುರಾಗುವ ಮುಖವನ್ನು ಮುಚ್ಚಬಾರದು, ಅದರ ಮೇಲೆ ತೆಳ್ಳಗಿನ ಸ್ಪಂಜಿನ ಟೊಪ್ಪಿಗೆ ಅಷ್ಟೇ. ಕ್ಲಿಪ್ಪಿಗೆ ಸಣ್ಣ ಮೊಸಳೆ ಕ್ಲಿಪ್ ತಂದೆ. ಅದರ ಹಲ್ಲು ರೇಷ್ಮೆಗೆ ತಾಗಿದರೆ ಎಳೆ ಕಿತ್ತುಬರುತ್ತದೆ. ನೇಕಾರರ ಮನೆಗೆ ಹೋಗಿ ಸೀರೆಯ ಎಳೆ ಕೀಳುವುದೆಂದರೆ ಮುಗಿಯಿತು. ಹಲ್ಲುಗಳಿಗೂ ಸ್ಲೀವ್ ಹಾಕಿದೆ.

ಎರಡು ಮೈಕು, ಪಿನ್ನು, ಕೇಬಲ್, ಚಿಲ್ಲರೆ ಎಲ್ಲ ಸೇರಿ 300 ರೂಪಾಯಿ ಒಳಗೆ ಆಯಿತು.

ಆಟೋ ಯಾಕೆ ಬೇಡ

ಮನೆಯಲ್ಲೇ ಪರೀಕ್ಷೆ ಮಾಡಿದೆ. ಮಗ್ಗದ ಸದ್ದಿನ ಬದಲು ಪಕ್ಕದ ಕೋಣೆಯಲ್ಲಿ ಹೊಲಿಗೆ ಮಷಿನ್ ಓಡಿಸಲು ಅವ್ವನಿಗೆ ಹೇಳಿದೆ. ಸದ್ದಿನ ಮಟ್ಟ ಆಟೋದಲ್ಲಿಟ್ಟು ಮಾತಾಡಿದರೆ, ಮಾತಾಡುವಷ್ಟು ಹೊತ್ತು ಮಷಿನ್ ಹಿಂದೆ ಇರುತ್ತದೆ. ಮಾತು ನಿಲ್ಲಿಸಿದ ಒಂದೆರಡು ಸೆಕೆಂಡಿಗೆ ಮಷಿನ್ ಸದ್ದು ಮೆಲ್ಲಗೆ ಎದ್ದು ಬಂದು ಮುಂದೆ ನಿಲ್ಲುತ್ತದೆ. ಮತ್ತೆ ಮಾತಾಡಿದರೆ ಮೊದಲ ಅಕ್ಷರ ಒಡೆದು, ಆಮೇಲೆ ಮಷಿನ್ ಹಿಂದೆ ಸರಿಯುತ್ತದೆ. ಮೌನ ಬಂತೆಂದರೆ ಕ್ಯಾಮೆರಾ ಸದ್ದು ಸಾಲದು ಅಂತ ಏರಿಸುತ್ತದೆ, ಅಷ್ಟೇ. ವಯಸ್ಸಾದವರು ಮಾತಿನ ನಡುವೆ ಜಾಸ್ತಿ ನಿಲ್ಲುತ್ತಾರೆ. ಅವರ ಒಂದೊಂದು ಮೌನವೂ ಮಗ್ಗದ ಸದ್ದಿನಿಂದ ತುಂಬಿಹೋದರೆ ಕೇಳುವವರಿಗೆ ಆಯಾಸ.

700ಡಿಯಲ್ಲಿ ಮ್ಯಾನುಯಲ್ ಆಯ್ಕೆ ಮಾಡಿದರೆ 64 ಮೆಟ್ಟಿಲಿನ ಮಟ್ಟ ಸಿಗುತ್ತದೆ. ಅದೇ ಪರದೆಯಲ್ಲಿ ಎರಡು ಪಟ್ಟಿಗಳು ಕುಣಿಯುತ್ತವೆ, ಮೇಲಿನದು ಎಡ, ಕೆಳಗಿನದು ಬಲ. ಜೋರಾದ ಮಾತಿಗೆ ಪಟ್ಟಿ ಆಗಾಗ 12ರ (ಅಂದರೆ ಮೈನಸ್ 12 ಡೆಸಿಬೆಲ್) ಗುರುತು ಮುಟ್ಟಬೇಕು, ಕಟ್ಟಕಡೆಯ ಸೊನ್ನೆ ಮುಟ್ಟಬಾರದು. ಈ ಹಳೇ ಕ್ಯಾಮೆರಾಗಳ ಒಳಗಿನ ಆಂಪ್ಲಿಫೈಯರ್ ಬಹಳ ಸ್ವಚ್ಛವೇನಲ್ಲ, ಏರಿಸಿದಷ್ಟೂ ಹಿಸ್ಸ್ ಅನ್ನುತ್ತದೆ. ಮೈಕು ಬಾಯಿಗೆ ಹತ್ತಿರ ಇದ್ದುದರಿಂದ ಅರ್ಧಕ್ಕಿಂತ ಕೆಳಗೇ ಕೆಲಸ ಆಯಿತು.  

ಅಡಾಪ್ಟರ್ ಹಚ್ಚಿ ಗೋಡೆಯ ಕರೆಂಟಿನಲ್ಲೂ ಕ್ಯಾಮೆರಾ ಓಡಿಸಿ ನೋಡಿದೆ. ಒಂದು ಸಣ್ಣ ಗುಂಯ್ ಸೇರಿಕೊಂಡಿತು. ಬ್ಯಾಟರಿಗೆ ಬಂದರೆ ಹೋಯಿತು. ಹಾಗಾಗಿ ಮಾತಿನ ಹೊತ್ತಿನಲ್ಲಿ ಬ್ಯಾಟರಿಯೇ.

ಮಗ್ಗದ ಮನೆಯಲ್ಲಿ

ಕುಣಿಮಗ್ಗದಲ್ಲಿ ನೇಯುವವರು ಕಾಲನ್ನು ಕುಣಿಗೆ ಇಳಿಬಿಟ್ಟು ನೆಲದ ಮಟ್ಟದಲ್ಲೇ ಕೂರುತ್ತಾರೆ. ಅವರ ಕಣ್ಣಿನ ಎತ್ತರಕ್ಕೆ ಕ್ಯಾಮೆರಾ ಬರಬೇಕಾದರೆ ಅದೂ ನೆಲದ ಹತ್ತಿರ ಇಳಿಯಬೇಕು. ನಾವು ತಂದ 1,200 ರೂಪಾಯಿಯ ಸ್ಟ್ಯಾಂಡು ಅಷ್ಟು ಕೆಳಗೆ ಬರಲಿಲ್ಲ. ಒಂದು ಮಣೆ, ಅದರ ಮೇಲೆ ಜೋಳ ತುಂಬಿದ ಸಣ್ಣ ಚೀಲ, ಅದರ ಮೇಲೆ ಕ್ಯಾಮೆರಾ. ಇದು ಸ್ಟ್ಯಾಂಡಿಗಿಂತ ಒಳ್ಳೆಯದೇ ಆಯಿತು. ಮಗ್ಗದ ಹಲಗೆ ಬಡಿದಾಗ ನೆಲ ಅದುರುತ್ತದೆ, ಸ್ಟ್ಯಾಂಡಿನ ಕಾಲು ಆ ಅದುರುವಿಕೆಯನ್ನು ನೇರ ಚಿತ್ರಕ್ಕೆ ಒಯ್ಯುತ್ತದೆ. ಜೋಳದ ಕಾಳು ಒಂದಕ್ಕೊಂದು ಜರುಗಿ ಅದನ್ನು ಹೀರಿಕೊಂಡಿತು. ಹೊರಗೆ ತಿರುಗುವ ಪರದೆ ಇಲ್ಲದಿದ್ದರೆ ನಾನು ನೆಲದ ಮೇಲೆ ಮಲಗಿ ಚೌಕಟ್ಟು ನೋಡಬೇಕಿತ್ತು.

ಮೊದಲ ಮನೆಯಲ್ಲಿ, ಮಾತಾಡುವಷ್ಟು ಹೊತ್ತು ಮಗ್ಗ ನಿಲ್ಲಿಸಿದರೆ ಒಳ್ಳೆಯದು ಅಂತ ಕೇಳಿಕೊಂಡೆ. ಅಜ್ಜ ಲಾಳಿ ಕೆಳಗಿಡಲಿಲ್ಲ.

"ತಮ್ಮಾ, ಮಗ್ಗ ನಿಂತ್ರ ನನಗ ಮಾತ ಬರೂದಿಲ್ಲ ನೋಡು."

ನಿಜವೇ. ನಿಲ್ಲಿಸಿದಾಗ ಹೌದು, ಇಲ್ಲ ಅಂತ ಎರಡೆರಡು ಅಕ್ಷರದ ಉತ್ತರ. ಕೈ ಓಡತೊಡಗಿದ ಮೇಲೆ ದರ, ದಲಾಲರು, ಬಣ್ಣ, ಅಂಚು, ಮದುವೆ ಸುಗ್ಗಿ ಎಲ್ಲ ತಾವಾಗಿ ಬಂದವು. ಸೆಟ್ಟನ್ನು ಮಾತಿಗೆ ಹೊಂದಿಸಬೇಕೇ ಹೊರತು ಮಾತನ್ನು ಸೆಟ್ಟಿಗಲ್ಲ ಅಂತ ಅಲ್ಲಿಗೇ ತೀರ್ಮಾನ ಆಯಿತು. ಮಗ್ಗ ನಡೆಯಲಿ ಅಂತ ಬಿಟ್ಟೆವು. ಹತ್ತಿರದ ಮೈಕು ಇದ್ದುದಕ್ಕೆ ಅದು ಸಾಧ್ಯವಾಯಿತು.

ಮೈಕು ಸಿಕ್ಕಿಸುವ ಜಾಗದ ಬಗ್ಗೆ ಹೇಳಲೇಬೇಕು. ಅಂಗಿ ಹಾಕಿದ ಗಂಡಸರಿಗೆ ಎರಡನೇ ಗುಂಡಿಯ ಹತ್ತಿರ, ಗದ್ದದ ನೆರಳಿನಿಂದ ಸ್ವಲ್ಪ ಕೆಳಗೆ. ಲಿಂಗದ ಕರಡಿಗೆ ಕಟ್ಟಿಕೊಂಡಿದ್ದರೆ ಅದು ಎದೆಯ ಮೇಲೆ ಆಡುತ್ತಾ ಮೈಕಿಗೆ ಬಡಿಯುತ್ತದೆ. ಅದನ್ನು ಸರಿಸಿ ಅನ್ನಬೇಡಿ. ಮೈಕನ್ನೇ ಇನ್ನೊಂದು ಬದಿಗೆ ತನ್ನಿ. ಹೆಣ್ಣುಮಕ್ಕಳು ಸೆರಗು ಹೊದ್ದಿದ್ದರೆ ಸೆರಗಿನ ಒಳಗೆ ಸಿಕ್ಕಿಸಿದ ಮೈಕು ಬರೀ ಸರಸರ ಅನ್ನುತ್ತದೆ, ಸೆರಗಿನ ಹೊರ ಅಂಚಿಗೆ ಹಾಕಿ. ತಾಳಿ ಸರ, ಬಳೆ ಎರಡೂ ಸದ್ದು ಮಾಡುತ್ತವೆ. ಬಳೆಯ ಸದ್ದನ್ನು ನಾನು ಬಿಟ್ಟುಬಿಟ್ಟೆ, ಕಂಡಿಕೆ (ಲಾಳಿಯೊಳಗಿನ ನೂಲಿನ ಸುರುಳಿ) ಸುತ್ತುವ ಅವ್ವನ ಮಾತಿನ ಜೊತೆ ಅದು ಇದ್ದರೇ ಚಂದ. ಮೈಕನ್ನು ಅವರ ಕೈಗೇ ಕೊಟ್ಟು, ಎಲ್ಲಿಗೆ ಸಿಕ್ಕಿಸಬೇಕು ಅಂತ ತೋರಿಸುವುದು ಒಳ್ಳೆಯದು. ಕೇಬಲ್ಲು ಲಾಳಿಯ ದಾರಿಗೆ ಬರದ ಹಾಗೆ ಬೆನ್ನ ಹಿಂದಿನಿಂದ ಇಳಿಸಬೇಕು. ಕಾಲಡಿಯ ಕುಣಿಗೆ ಬೀಳಲೂಬಾರದು.

ಚಿತ್ರದ ಕಡೆ ಮಾಡಿದ್ದು ಸ್ವಲ್ಪವೇ. ಮೆನುವಿನಲ್ಲಿ ಎನ್‌ಟಿಎಸ್‌ಸಿ ತೆಗೆದು ನಮ್ಮ ಕಡೆಯ ವಿಡಿಯೋ ಪದ್ಧತಿಯಾದ ಪಾಲ್ (PAL) ಮಾಡಿ, ಸೆಕೆಂಡಿಗೆ 25 ಫ್ರೇಮು, ಷಟರ್ 1/50. ನಮ್ಮ ಕರೆಂಟು 50 ಹರ್ಟ್ಸ್, ಹಳೇ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. 30 ಫ್ರೇಮು, 1/60ರಲ್ಲಿ ತೆಗೆದರೆ ಚಿತ್ರದಲ್ಲಿ ಪಟ್ಟೆ ಓಡಾಡುತ್ತದೆ. ಫೋಕಸ್ ಮುಖಕ್ಕೆ ಹಿಡಿಸಿ ಮ್ಯಾನುಯಲ್‌ಗೆ ಹಾಕಿದೆ, ಇಲ್ಲದಿದ್ದರೆ ಅದು ಓಡುವ ಲಾಳಿಯ ಹಿಂದೆ ಹೋಗುತ್ತದೆ. ಬೆಳಕು ಕಿಟಕಿಯದೇ. ಫ್ಯಾನ್ ಬಂದ್.

ಕಾರ್ಡು 32 ಜಿಬಿ, 450 ರೂಪಾಯಿ. ನಿಮಿಷಕ್ಕೆ 330 ಎಂಬಿಯ ಹಾಗೆ ಒಂದೂವರೆ ತಾಸು ಹಿಡಿಯುತ್ತದೆ. ಮೊಬೈಲಿನಲ್ಲಿ 28 ನಿಮಿಷಕ್ಕೆ ಸದ್ದಿಲ್ಲದ ಅಲಾರಂ ಇಟ್ಟು, ಅದು ಅದುರಿದಾಗ ಮುಂದಿನ ಪ್ರಶ್ನೆಗೆ ಮೊದಲು ರೆಕಾರ್ಡಿಂಗ್ ನಿಲ್ಲಿಸಿ ಮತ್ತೆ ಶುರು ಮಾಡುತ್ತಿದ್ದೆವು. ಹೊರಡುವ ಮುಂಚೆ ಯಾರೂ ಮಾತಾಡದೆ ಒಂದು ನಿಮಿಷ ಬರೀ ಮಗ್ಗದ ಸದ್ದನ್ನು ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆವು. ಎಡಿಟಿಂಗಿನಲ್ಲಿ ಎರಡು ಮಾತು ಕೂಡಿಸುವಾಗ ಆ ಸದ್ದನ್ನು ಕೆಳಗೆ ಹಾಸಿದರೆ ಕತ್ತರಿ ಹಾಕಿದ್ದು ಕಿವಿಗೆ ಗೊತ್ತಾಗುವುದಿಲ್ಲ.

ಎಡ-ಬಲ ಬೇರೆ ಮಾಡಿದ್ದರ ಲಾಭ

ಸದ್ದಿನ ಎಡಿಟಿಂಗಿಗೆ ಆಡಾಸಿಟಿ ಅನ್ನುವ ಸಾಫ್ಟ್‌ವೇರ್ ಸಾಕು, ದುಡ್ಡು ಕೊಡಬೇಕಾಗಿಲ್ಲ. ಎಫ್‌ಎಫ್‌ಎಂಪೆಗ್ ಅನ್ನುವ ಇನ್ನೊಂದು ಉಚಿತ ಸಾಫ್ಟ್‌ವೇರ್ ಜೊತೆಗೆ ಹಾಕಿಕೊಂಡರೆ ಕ್ಯಾಮೆರಾದ ವಿಡಿಯೋ ಫೈಲಿನ ಸದ್ದನ್ನು ನೇರ ತೆರೆಯುತ್ತದೆ. ಸ್ಟೀರಿಯೋ ಪಟ್ಟಿಯನ್ನು ಎರಡು ಮೋನೋ ಮಾಡಿದರೆ ಮೇಲೆ ನನ್ನ ಮಾತು, ಕೆಳಗೆ ಅಜ್ಜನ ಮಾತು. ಅಜ್ಜ ಮಾತಾಡುವ ಕಡೆಯೆಲ್ಲ ನನ್ನ ಪಟ್ಟಿಯನ್ನು ಸೊನ್ನೆ ಮಾಡಿದೆ. ನನ್ನ ಮೈಕಿಗೂ ಅವರ ಮಾತು ಸ್ವಲ್ಪ ತಡವಾಗಿ ಬಿದ್ದಿರುತ್ತದೆ. ಎರಡನ್ನೂ ಒಟ್ಟಿಗೆ ಬಿಟ್ಟರೆ ಮಾತು ಕೊಡದೊಳಗಿಂದ ಬಂದ ಹಾಗೆ ಕೇಳುತ್ತದೆ. ಒಂದನ್ನು ತೆಗೆದರೆ ಅದೂ ಹೋಯಿತು, ಮಗ್ಗದ ಸದ್ದಿನ ಒಂದು ಪಾಲೂ ಹೋಯಿತು. ನಾನು 'ಹೂಂ, ಹೌದ್ರಿ' ಅನ್ನುತ್ತಿದ್ದದ್ದೂ ಮಾಯ.

ನಾಯ್ಸ್ ರಿಡಕ್ಷನ್ (ಹಿನ್ನೆಲೆ ಸದ್ದು ಇಳಿಸುವ ಫಿಲ್ಟರ್) ಸ್ವಲ್ಪವೇ ಹಾಕಿ. ಜಾಸ್ತಿ ಹಾಕಿದರೆ ಮಾತು ನೀರಿನಡಿಯಿಂದ ಬಂದ ಹಾಗಾಗುತ್ತದೆ. ಮಗ್ಗದ ಏಟು ಒಂದೇ ಸಮನೆ ಬರುವ ಸದ್ದಲ್ಲ, ಅದನ್ನು ಆ ಫಿಲ್ಟರಿಗೆ ಹಿಡಿಯಲೂ ಆಗುವುದಿಲ್ಲ. ಹಿಂದಿನ ಓಣಿಯ ಕರೆಂಟಿನ ಮಗ್ಗದ ಹಿನ್ನೆಲೆ ಗುಂಯ್‌ಗೆ ಮಾತ್ರ ಅದು ಕೆಲಸ ಮಾಡಿತು.

ಒಂದು ಕೊರತೆ ಇದೆ. 700ಡಿಯಲ್ಲಿ ಹೆಡ್‌ಫೋನ್ ತೂತು ಇಲ್ಲ. ರೆಕಾರ್ಡ್ ಆಗುತ್ತಿರುವಾಗ ಕೇಳಲು ಆಗುವುದಿಲ್ಲ. ಅದಕ್ಕೇ ಪ್ರತಿ ಮನೆಯಲ್ಲೂ ಶುರುವಿಗೆ ಅರ್ಧ ನಿಮಿಷ ಊಟ-ತಿಂಡಿಯ ಮಾತಾಡಿಸಿ ರೆಕಾರ್ಡ್ ಮಾಡಿ, ಕಾರ್ಡನ್ನು ಓಟಿಜಿ ರೀಡರಿನಿಂದ ಮೊಬೈಲಿಗೆ ಹಚ್ಚಿ, ಇಯರ್‌ಫೋನಿನಲ್ಲಿ ಎರಡೂ ಕಡೆ ಕೇಳಿ ಆಮೇಲೆ ಮುಂದುವರಿಯುವುದು. ಇದರ ಜೊತೆ ನನ್ನ ಮೊಬೈಲನ್ನು ಏರೋಪ್ಲೇನ್ ಮೋಡಿನಲ್ಲಿಟ್ಟು, ಮಗ್ಗದ ಪಕ್ಕದ ಗೂಡಿನಲ್ಲಿ ಸದ್ದು ಮಾತ್ರ ರೆಕಾರ್ಡ್ ಆಗಲು ಬಿಡುತ್ತೇನೆ.

ಕ್ಯಾಮೆರಾದ ತೂತಿಗೆ ಪ್ರತಿಸಲ ಚುಚ್ಚಿ ತೆಗೆದರೆ ಅದು ಸವೆಯುತ್ತದೆ. ಒಂದು ಗೇಣುದ್ದದ ಎಕ್ಸ್‌ಟೆನ್ಷನ್ ಕಟ್ಟಿ, ಅದರ ಎಲ್ ಆಕಾರದ ಪಿನ್ನನ್ನು ಕ್ಯಾಮೆರಾದಲ್ಲೇ ಬಿಟ್ಟಿದ್ದೇನೆ. ಇನ್ನೊಂದು ತುದಿಯನ್ನು ಕೊರಳಪಟ್ಟಿಯ ಕೊಂಡಿಗೆ ಬಿಗಿದಿದ್ದೇನೆ. ಈಗ ಯಾರಾದರೂ ಕೇಬಲ್ ಎಡವಿದರೆ ಎಳೆತ ಬೀಳುವುದು 60 ರೂಪಾಯಿಯ ಎಕ್ಸ್‌ಟೆನ್ಷನ್ ಮೇಲೆ. ಕೈಯಲ್ಲಿ ಉಳಿದ ಎರಡು ಸಾವಿರ ಚಿಲ್ಲರೆಯನ್ನು ಒಂದು ಹಾರ್ಡ್ ಡಿಸ್ಕಿನ ಲೆಕ್ಕಕ್ಕೆ ಎತ್ತಿಟ್ಟಿದ್ದೇವೆ. ಅಲ್ಲಿಯವರೆಗೆ ಫೈಲುಗಳು ಇಬ್ಬರ ಲ್ಯಾಪ್‌ಟಾಪಿನಲ್ಲಿ ಒಂದೊಂದು ನಕಲು ಇವೆ. ಮನೆಯವರಿಗೆ ಪೆನ್‌ಡ್ರೈವ್ ಕೊಟ್ಟರೆ ತೆರೆಯುವುದಿಲ್ಲ, "ವಾಟ್ಸಾಪ್‌ನ್ಯಾಗ ಬಿಡ್ರಿ" ಅಂತಾರೆ. ಅವರಿಗೆ ಐದೈದು ನಿಮಿಷದ ತುಂಡು ಮಾಡಿ ಕಳಿಸುತ್ತಿದ್ದೇನೆ.